ಹಾಸ್ಟೆಲಿಗೆ ಬಂದ ಬೀಗತಿ

ಲಿಂಗಸುಗೂರಿನ ಆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಆದಮ್ಮ ಅಡುಗೆಗೆ ನಿಂತು ಹದಿನಾಲ್ಕು ವರ್ಷವಾಗಿತ್ತು. ಈ ಹದಿನಾಲ್ಕು ವರ್ಷದಲ್ಲಿ ಆಕೆಗೆ ಅರ್ಥವಾಗದ ಹುಡುಗಿ ಅಂತ ಒಬ್ಬಳೂ ಬಂದಿರಲಿಲ್ಲ. ಅತ್ತು ಉಣ್ಣದವಳು, ಉಂಡಾದ ಮೇಲೆ ಅಳುವವಳು, ಪರೀಕ್ಷೆ ಹತ್ತಿರ ಬಂದ ಕೂಡಲೇ ಹೊಟ್ಟೆ ಹಿಡಿದುಕೊಂಡು ಮಲಗುವವಳು, ಹೀಗೆ ಎಲ್ಲರ ಮರ್ಮವೂ ಆಕೆಗೆ ಗೊತ್ತಿತ್ತು. ಯಾರಾದರೂ ಕೇಳಿದರೆ ಒಂದೇ ಮಾತು: "ಹುಡುಗ್ಯಾರು ಅಂದ್ರ ಏನೈತಿ ಅದರಾಗ? ಹೊಟ್ಟಿ ತುಂಬಿದ್ರ ಮಾರಿ ಅರಳತೈತಿ." ಈ ಮಾತನ್ನು ಆಕೆ ವಾರ್ಡನ್ನರಿಗೂ ಹೇಳಿದ್ದಳು, ಒಮ್ಮೆ ತಪಾಸಣೆಗೆ ಬಂದ ಸಾಹೇಬರಿಗೂ ಹೇಳಿದ್ದಳು. ಸಾಹೇಬರು ನಕ್ಕು ಎರಡು ರೊಟ್ಟಿ ಹೆಚ್ಚಿಗೆ ತಿಂದು ಹೋಗಿದ್ದರು. ಆಮೇಲೆ ದುರ್ಗಾದೇವಿ ಬಂದಳು, ಆದಮ್ಮನ ಲೆಕ್ಕವೆಲ್ಲ ತಲೆಕೆಳಗಾಯಿತು.

ಆದಮ್ಮ ಬಳಗಾನೂರಿನ ಮಗಳು. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟು ಭತ್ತದ ನಾಟಿಗೆ ಇಳಿದವಳು. ಕೆಸರುಗದ್ದೆಯಲ್ಲಿ ಹೆಂಗಸರ ಸಾಲಿನ ನಡುವೆ ಬಗ್ಗಿ ನಿಂತು, ಪಕ್ಕದವಳಿಗೆ ಕೇಳಲೆಂದು ಕೂಗಿ ಕೂಗಿ ಮಾತಾಡಿದವಳು. ಆ ಕೂಗು ಹಾಗೇ ಉಳಿದುಬಿಟ್ಟಿತು. ಮದುವೆಯಾಗಿ ಲಿಂಗಸುಗೂರಿಗೆ ಬಂದು, ಹಮಾಲಿ ಮಾಡುವ ಗಂಡನ ಜೊತೆ ಸಂಸಾರ ಹೂಡಿ, ಒಬ್ಬಳೇ ಮಗಳನ್ನು ಮಸ್ಕಿಗೆ ಕೊಟ್ಟು, ಈಗ ಐವತ್ತರ ಹತ್ತಿರ ಬಂದರೂ ಆಕೆ ಅಡುಗೆಮನೆಯಲ್ಲಿ ಪಿಸುಮಾತಾಡಿದರೆ ಗೇಟಿನಾಚೆ ನಿಂತವನು ತಿರುಗಿ ನೋಡುತ್ತಿದ್ದ. ಬೈಗುಳವಂತೂ ಬೆಳಿಗ್ಗೆ ಒಲೆ ಹೊತ್ತಿಸುವಾಗ ಶುರುವಾದರೆ ರಾತ್ರಿ ಅಡುಗೆಮನೆಗೆ ಬೀಗ ಬೀಳುವವರೆಗೂ ನಿಲ್ಲುತ್ತಿರಲಿಲ್ಲ. "ಏಳ್ರೆ ಬೇ, ಹೊತ್ತು ಮಾರುದ್ದ ಬಂತು!" "ತಾಟು ಇಲ್ಲೇ ಬಿಟ್ಟು ಹೋದಾಕಿ ಯಾರದು? ನಿಮ್ಮವ್ವ ಬಂದು ತೊಳಿಬೇಕೇನ?" ನಲವತ್ತು ಹುಡುಗಿಯರಲ್ಲಿ ಒಬ್ಬಳೂ ಇದಕ್ಕೆ ಮುಖ ಸಣ್ಣ ಮಾಡಿಕೊಳ್ಳುತ್ತಿರಲಿಲ್ಲ. ಆದವ್ವ ಬೈಯದ ದಿನ ಆಕೆಗೆ ಮೈ ಸರಿಯಿಲ್ಲ ಎಂದೇ ತಿಳಿಯುತ್ತಿದ್ದರು.

ದುರ್ಗಾದೇವಿ ಬಂದಿದ್ದು ಜುಲೈ ಕೊನೆಗೆ, ಉಳಿದವರೆಲ್ಲ ಬಂದು ಜೋಡಿ ಜೋಡಿಯಾಗಿ ಕಾಟು ಹಂಚಿಕೊಂಡು ಎರಡು ತಿಂಗಳಾದ ಮೇಲೆ. ಜವಳಗೇರಾ ಕಡೆಯ ಒಂದು ಕ್ಯಾಂಪಿನ ಹುಡುಗಿ. ಅಪ್ಪ ಕನಕರಾಯ ಭತ್ತ ಕೊಯ್ಯುವ ಮಿಷನ್ನಿನ ಡ್ರೈವರ್. ತಮ್ಮ ಹುಟ್ಟಿದಾಗ ಅವನನ್ನು ನೋಡಿಕೊಳ್ಳಲು ಒಂದು ವರ್ಷ ಶಾಲೆ ಬಿಟ್ಟಿದ್ದಳು. ಹಾಗಾಗಿ ಎಂಟನೆಯ ಇಯತ್ತೆಯ ಸಾಲಿನಲ್ಲಿ ಎಲ್ಲರಿಗಿಂತ ಒಂದು ಗೇಣು ಎತ್ತರ. ಆಂಧ್ರದಿಂದ ಗದ್ದೆ ಮಾಡಲು ಬಂದು ನೆಲೆಸಿದವರ ಆ ಕ್ಯಾಂಪಿನಲ್ಲಿ ಬೆಳೆದಿದ್ದರಿಂದ ಅವಳ ಕನ್ನಡದಲ್ಲಿ ಅಲ್ಲಲ್ಲಿ ತೆಲುಗು ಇಣುಕುತ್ತಿತ್ತು. ಬಂದ ಮಾರನೆಯ ಬೆಳಿಗ್ಗೆ ನಳದ ಹತ್ತಿರ ನಿಂತು, "ಇಲ್ಲಿ ನೀಳ್ಳು ಎಷ್ಟೊತ್ತಿಗೆ ಬರ್ತಾವು?" ಎಂದು ಕೇಳಿದಳು. ಕೊಡ ಹಿಡಿದು ನಿಂತಿದ್ದವರೆಲ್ಲ ಗೊಳ್ಳೆಂದರು. ನಗುವುದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆ ವಯಸ್ಸಿನವರು ಇರುವೆ ಬಿದ್ದರೂ ನಗುತ್ತಾರೆ. ಆದರೆ ದುರ್ಗಾದೇವಿ ಅಂದಿನಿಂದ ಬಾಯಿ ತೆರೆಯಲಿಲ್ಲ. ಏನು ಕೇಳಿದರೂ ತಲೆ ಅಲ್ಲಾಡಿಸುವಳು. ಆ ಅಲ್ಲಾಡಿಸುವುದಾದರೂ ಹೌದೋ ಅಲ್ಲವೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಕ್ಟೋಬರ್ ತಿಂಗಳಲ್ಲಿ ವಾರ್ಡನ್ ಭಾಗ್ಯಶ್ರೀ ಮೇಡಂ ಸಿಂಧನೂರಿಗೆ ಎರಡು ದಿನದ ತರಬೇತಿಗೆ ಹೋಗಿ ಬಂದರು. ಹದಿಹರೆಯದ ಹೆಣ್ಣುಮಕ್ಕಳಲ್ಲಿ ಆತ್ಮವಿಶ್ವಾಸ ಬೆಳೆಸುವುದು ಹೇಗೆ ಎಂಬ ತರಬೇತಿ. ಬಂದವರೇ ಎಲ್ಲರಿಗೂ ಬಣ್ಣದ ಹಾಳೆ ಹಂಚಿ, 'ನನ್ನಲ್ಲಿರುವ ಮೂರು ಒಳ್ಳೆಯ ಗುಣ' ಬರೆಯಲು ಹೇಳಿದರು. ಮಸ್ಕಿಯ ಫಿರ್ದೋಸ್, ಹತ್ತನೆಯ ಇಯತ್ತೆಯ ಹುಡುಗಿ, ಇಡೀ ಹಾಸ್ಟೆಲಿನ ಬಾಯಿ ಎನ್ನಬಹುದು, ಹನ್ನೊಂದು ಗುಣ ಬರೆದು ಇನ್ನೊಂದು ಹಾಳೆ ಕೇಳಿದಳು. ದುರ್ಗಾದೇವಿಯ ಹಾಳೆಯಲ್ಲಿ ಹೆಸರು, ತಾರೀಖು ಬಿಟ್ಟರೆ ಏನೂ ಇರಲಿಲ್ಲ.

ಮೇಡಂ ಆದಮ್ಮನನ್ನು ಕರೆದು ಆ ಖಾಲಿ ಹಾಳೆ ತೋರಿಸಿದರು. "ನೋಡ್ರಿ ಆದಮ್ಮ, ಈ ಹುಡುಗಿಗೆ ಆತ್ಮವಿಶ್ವಾಸ ಇಲ್ಲ. ಇದು ತನ್ನ ಜಾಗ ಅಂತ ಆಕಿಗೆ ಅನಸವಲ್ದು. ನಾ ಹೇಳಿದ್ರ ಆಕಿ ಅಂಜತಾಳ. ನೀವು ಆಕಿ ಕಡೆ ಸ್ವಲ್ಪ ವಿಶೇಷ ಗಮನ ಕೊಡ್ರಿ."

"ಆತ್ರೀ ಮೇಡಂ," ಎಂದು ಹೊರಗೆ ಬಂದ ಆದಮ್ಮ ಅಂಗಳದಲ್ಲಿ ನಿಂತು ಪೇಚಾಡಿದಳು. ಆತ್ಮವಿಶ್ವಾಸ ಎಂದರೆ ಏನು, ಅದನ್ನು ಎಲ್ಲಿಂದ ತರುವುದು, ಯಾವಾಗ ಬಡಿಸುವುದು? ತನಗೆ ಅದು ಇದೆಯೋ ಇಲ್ಲವೋ ಎಂಬುದೇ ಆಕೆಗೆ ಗೊತ್ತಿರಲಿಲ್ಲ. ಆದರೆ 'ವಿಶೇಷ' ಎಂಬ ಮಾತು ಮಾತ್ರ ಸಲೀಸಾಗಿ ಅರ್ಥವಾಯಿತು. ವಿಶೇಷವಾಗಿ ನೋಡಿಕೊಳ್ಳುವುದೆಂದರೆ ಉಪಚಾರ. ಉಪಚಾರ ಮಾಡುವುದರಲ್ಲಿ ಬಳಗಾನೂರಿನವರು ಯಾರಿಗೆ ಕಡಿಮೆ!

ಶುರುವಾಯಿತು ನೋಡಿ. ಉಳಿದವರು ಊಟದ ಹಾಲ್‌ನಲ್ಲಿ ಸಾಲಾಗಿ ಕೂತು ಉಣ್ಣುವಾಗ ದುರ್ಗಾದೇವಿಗೆ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ಮಣೆ. ಎಲ್ಲರಿಗೂ ಸೌಟಿನಲ್ಲಿ ಬಡಿಸಿದರೆ ಅವಳಿಗೆ ಕೈಯಾರೆ. ಬಿಸಿ ರೊಟ್ಟಿಯ ಮೇಲೆ ತುಪ್ಪ. ಆ ತುಪ್ಪ ಹಾಸ್ಟೆಲಿನದಲ್ಲ, ಆದಮ್ಮ ಮನೆಯಿಂದ ಸಣ್ಣ ಡಬ್ಬಿಯಲ್ಲಿ ತಂದಿದ್ದು. "ನಿಧಾನಕ ಉಣ್ಣವ್ವಾ. ಇನ್ನೊಂದು ಹಾಕ್ಲಿ? ಬ್ಯಾಡನಬಾರ್ದು." ಉಂಡಾದ ಮೇಲೆ ಹುಡುಗಿ ತಟ್ಟೆ ತೆಗೆದುಕೊಂಡು ಏಳಹೋದರೆ, "ಇಡವ್ವಾ, ಇಡು. ನಾ ತೊಳಿತೀನಿ" ಎಂದು ಕಸಿದುಕೊಳ್ಳುವಳು. ಕಸ ಹೊಡೆಯುವ ಪಾಳಿಯಿಂದ ಅವಳ ಹೆಸರು ತೆಗೆಸಿದಳು, ನೀರು ತರುವ ಪಾಳಿಯಿಂದಲೂ ತೆಗೆಸಿದಳು. ಬೈಯುವುದಂತೂ ದೂರವೇ ಉಳಿಯಿತು. ದುರ್ಗಾದೇವಿ ಎದುರಿಗೆ ಬಂದರೆ ಆದಮ್ಮನ ಆ ದೊಡ್ಡ ಗಂಟಲು ತಾನೇ ತಾನಾಗಿ ಮೆತ್ತಗಾಗುತ್ತಿತ್ತು.

ಅದಕ್ಕೆ ಫಿರ್ದೋಸ್ ಸುಮ್ಮನಿರುತ್ತಾಳೆಯೇ? ದುರ್ಗಾದೇವಿ ಊಟಕ್ಕೆ ಬಂದ ಕೂಡಲೇ ಎದ್ದು ನಿಂತು ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು, "ಬೀಗತಿ ಬಂದ್ರು, ಸರೀರಿ! ಬೀಗತ್ಯಾರಿಗೆ ಮಣಿ ಹಾಕ್ರಿ! ಕಾಲಿಗೆ ನೀರು ಕೊಡ್ರಿ!" ಎನ್ನುವಳು. ಹಾಲ್‌ಗೆ ಹಾಲೇ ನಗುತ್ತಿತ್ತು. ಮಗಳನ್ನು ಕೊಟ್ಟ ಮನೆಯ, ಮಗಳನ್ನು ತಂದ ಮನೆಯ ಹೆಂಗಸಿಗೆ ಆಗುವ ಮರ್ಯಾದೆ ಯಾರಿಗೆ ಗೊತ್ತಿಲ್ಲ? ಆದಮ್ಮನೂ ನಕ್ಕಳು. ಹುಡುಗಿಯರು ಇವಳಿಗೆ ಅಡ್ಡಹೆಸರು ಇಟ್ಟರು ಎಂದರೆ ಹಚ್ಚಿಕೊಂಡರು ಎಂದೇ ಅರ್ಥ ಎಂದು ತಿಳಿದು, "ಹೂಂ ಮತ್ತ, ನಮ್ಮ ಬೀಗತಿನ" ಎಂದು ಇನ್ನೊಂದು ಚಮಚ ತುಪ್ಪ ಹಾಕಿದಳು. ದುರ್ಗಾದೇವಿ ತಲೆ ತಗ್ಗಿಸಿ ತುಪ್ಪದ ರೊಟ್ಟಿಯನ್ನು ಮುರಿದು ಮುರಿದು ಚೂರು ಮಾಡಿದಳು. ತಿನ್ನಲಿಲ್ಲ.

ಹುಡುಗಿ ದಿನದಿಂದ ದಿನಕ್ಕೆ ಇಳಿಯತೊಡಗಿದಳು. ಆದಮ್ಮನಿಗೆ ತಲೆ ಕೆಟ್ಟಿತು. ದೃಷ್ಟಿಯಾಗಿರಬೇಕು ಎಂದುಕೊಂಡು ಒಂದು ಮಂಗಳವಾರ ಸಂಜೆ ಅವಳನ್ನು ಹಾಲ್‌ನ ನಡುವೆ ನಿಲ್ಲಿಸಿ ಹಿಡಿ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ಹೋಯಿತೋ ಇಲ್ಲವೋ, ನಲವತ್ತು ಹುಡುಗಿಯರು ಕೆಮ್ಮುತ್ತಾ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಅಂಗಳಕ್ಕೆ ಓಡಿದರು. ಎಲ್ಲರೂ ಹೊರಗೆ ನಿಂತು ಒಳಗೆ ನೋಡುತ್ತಿದ್ದರೆ ದುರ್ಗಾದೇವಿ ಒಬ್ಬಳೇ ಆ ಘಾಟಿನ ನಡುವೆ ಕೈಕಟ್ಟಿ ನಿಂತಿದ್ದಳು, ಯಾರೋ ಶಿಕ್ಷೆ ಕೊಟ್ಟ ಹಾಗೆ. ಆದಮ್ಮನಿಗೆ ಎಲ್ಲೋ ಏನೋ ತಪ್ಪುತ್ತಿದೆ ಎಂದು ಗೊತ್ತಾಗುತ್ತಿತ್ತು, ಯಾವುದು ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಶನಿವಾರ ಸಂಜೆ ಹುಡುಗಿಯರು ವಾರ್ಡನ್ನರ ಫೋನಿನಿಂದ ಮನೆಗೆ ಮಾತಾಡುತ್ತಿದ್ದರು. ಡಿಸೆಂಬರಿನ ಮೊದಲ ಶನಿವಾರ ದುರ್ಗಾದೇವಿ ಫೋನು ತೆಗೆದುಕೊಂಡು ಅಪ್ಪನಿಗೆ ಎರಡೇ ಮಾತು ಹೇಳಿದಳು: "ಬಂದು ಕರ್ಕೊಂಡು ಹೋಗು. ನಾ ಇಲ್ಲಿ ಇರಲ್ಲ." ಕನಕರಾಯ ಕೊಯ್ಲು ಮುಗಿಯುತ್ತಾ ಬಂದಿದೆ, ನಾಳೆಯ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ಬರುತ್ತೇನೆ ಎಂದನಂತೆ.

ಮೇಡಂ ಆದಮ್ಮನಿಗೆ ಇದನ್ನು ಹೇಳುವಾಗ ಅವರ ಮುಖವೂ ಬಾಡಿತ್ತು. "ಹೋದ್ರ ಮತ್ತ ಬರಂಗಿಲ್ಲ ಆದಮ್ಮ. ಕ್ಯಾಂಪಿನ್ಯಾಗ ಎಂಟನೇತ್ತದ ಸಾಲಿ ಇಲ್ಲ. ಮೊದಲೇ ಒಂದು ವರ್ಷ ಮನ್ಯಾಗ ಕುಂತಾಳ. ಇನ್ನೊಮ್ಮೆ ಕುಂತ್ರ ಮುಗೀತು."

ಆದಮ್ಮನಿಗೆ ತನ್ನ ಕಥೆ ನೆನಪಾಯಿತು. ಮೂರನೆಯ ಇಯತ್ತೆಗೆ ತಾನು ಪಾಟಿಚೀಲ ಗೂಟಕ್ಕೆ ಸಿಕ್ಕಿಸಿ ಗದ್ದೆಗೆ ಇಳಿದಾಗ ಯಾರೂ ಬೇಡ ಅನ್ನಲಿಲ್ಲ. ಇವಳಿಗೆ ಬೇಡ ಅನ್ನಲು ತಾನಿದ್ದೇನೆ, ಆದರೆ ಹೇಗೆ ಅನ್ನುವುದು? ಆ ಸಂಜೆ ಹುಡುಗಿಯನ್ನು ಬಾಗಿಲ ಬಳಿ ಕೂಡಿಸಿಕೊಂಡು ನೇರವಾಗಿ ಕೇಳಿಯೇಬಿಟ್ಟಳು.

"ನಿನಗ ಏನು ಕಡಿಮಿ ಮಾಡೀನವ್ವಾ ನಾ?"

"ಏನೂ ಕಡಿಮಿ ಇಲ್ಲ."

"ಯಾರರ ಬಡದಾರೇನು? ಅಂದಾರೇನು? ಹೇಳು, ಅವರ ಜಡಿ ಹಿಡಿದು ಎಳಕೊಂಡು ಬರ್ತೀನಿ."

"ಯಾರೂ ಏನೂ ಅಂದಿಲ್ಲ."

"ಮತ್ಯಾಕ ಹೋಗಾಕತ್ತಿ?"

ದುರ್ಗಾದೇವಿ ಬಹಳ ಹೊತ್ತು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಹುಬ್ಬು ಗಂಟು ಹಾಕಿಕೊಂಡು. ಕೊನೆಗೆ, "ಗೊತ್ತಿಲ್ಲ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಆದಮ್ಮನ ಕಣ್ಣಲ್ಲೂ ಬಂತು. ಇಬ್ಬರಿಗೂ ಯಾಕೆಂದು ಗೊತ್ತಿರಲಿಲ್ಲ, ಅದೇ ದೊಡ್ಡ ಸಂಕಟ.

ಮರುದಿನ ಭಾನುವಾರ ಮಸ್ಕಿಯಲ್ಲಿ ಮೊಮ್ಮಗನ ಜವಳ, ಹುಟ್ಟುಗೂದಲು ತೆಗೆಸುವ ಕಾರ್ಯ. ಆದಮ್ಮ ಜೊತೆಯ ಅಡುಗೆಯಾಕೆ ರೇಣುಕಮ್ಮನಿಗೆ ಒಲೆ ಒಪ್ಪಿಸಿ, ಕುಂಚಿಗೆ, ಉಡುಗೊರೆ, ಒಂದು ಬುಟ್ಟಿ ಉಂಡಿ ಹೊತ್ತುಕೊಂಡು ಬೆಳಿಗ್ಗೆಯ ಬಸ್ಸಿಗೆ ಹೊರಟಳು. ಮಗಳು ಹುಲಿಗೆಮ್ಮನನ್ನು ನೋಡಿ ನಾಲ್ಕು ತಿಂಗಳಾಗಿತ್ತು. ಮಗಳ ಜೊತೆ ಕೂತು ಇದನ್ನೆಲ್ಲ ಹೇಳಿಕೊಂಡರೆ ಎದೆ ಹಗುರಾದೀತು ಎಂದುಕೊಂಡಿದ್ದಳು.

ಬೀಗತಿ ಮಾರೆಮ್ಮ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು ಕರೆದುಕೊಂಡಳು. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಪಡಸಾಲೆಯಲ್ಲಿ ಕುರ್ಚಿ ಹಾಕಿ, ಕುರ್ಚಿಯ ಮೇಲೆ ದಿಂಬು ಹಾಕಿ, ಡಿಸೆಂಬರ್ ಚಳಿಯಲ್ಲಿ ಫ್ಯಾನು ಹಚ್ಚಿ, "ಕುಂದ್ರಿ ಬೀಗತಿ, ಆರಾಮ ಕುಂದ್ರಿ" ಎಂದಳು. ಚಹಾ ಬಂತು, ಚೂಡಾ ಬಂತು, ಮತ್ತೆ ಚಹಾ ಬಂತು. ಒಳಗೆ ಅಡುಗೆಮನೆಯಲ್ಲಿ ಹತ್ತಾರು ಹೆಂಗಸರು ಹೋಳಿಗೆ ತಟ್ಟುತ್ತಿದ್ದರು. ಆದಮ್ಮ ಸೆರಗು ಸಿಕ್ಕಿಸಿಕೊಂಡು, "ನಾನೂ ನಾಕು ಹೋಳಿಗಿ ತಟ್ತೀನಿ" ಎಂದು ಎದ್ದಳು. ಮಾರೆಮ್ಮ ಎರಡೂ ಕೈ ಹಿಡಿದು ಮತ್ತೆ ಕೂಡಿಸಿದಳು. "ಅಯ್ಯ, ಮಂದಿ ಏನಂದಾರು ನಮಗ! ಬೀಗತಿ ಕೈಲೆ ಕೆಲಸ ಮಾಡಿಸಿದ್ರು ಅಂತಾರ."

ಹುಲಿಗೆಮ್ಮ ತಟ್ಟೆ ಹಿಡಿದು ಬಂದಳು. ಆದಮ್ಮ ಕೈ ಹಿಡಿದೆಳೆದು, "ಇಲ್ಲಿ ಬಾರಬೇ, ಒಂದು ಮಾತು ಐತಿ" ಎಂದಳು. "ನೀ ಕುಂದ್ರು ಯವ್ವಾ, ಏಳಬ್ಯಾಡ. ಒಲಿ ಮ್ಯಾಲ ಎಣ್ಣಿ ಇಟ್ಟೀನಿ" ಎಂದು ಮಗಳು ಒಳಗೆ ಓಡಿದಳು. ಒಳಗಿನಿಂದ ನಗು ಕೇಳಿತು. ಯಾರದೋ ಹೋಳಿಗೆ ಹರಿದುಹೋಗಿತ್ತು, ಯಾರೋ ಯಾರನ್ನೋ ಬೈದರು, ಬೈಸಿಕೊಂಡವಳು ತಿರುಗಿ ಬೈದಳು, ಅವರಲ್ಲಿ ತನ್ನ ಮಗಳ ದನಿಯೂ ಇತ್ತು. ಮತ್ತೆ ನಗು. ಆದಮ್ಮ ಫ್ಯಾನಿನ ಕೆಳಗೆ ಸೆರಗು ಹೊದ್ದುಕೊಂಡು ಒಬ್ಬಳೇ ಕೂತಿದ್ದಳು. ಹೋಗುವವರು ಬರುವವರು, "ಏನ್ರಿ ಬೀಗತಿ, ಆರಾಮರೀ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. "ಆರಾಮರೀ," ಎಂದು ಹೇಳಿ ಹೇಳಿ ಆಕೆಯ ಬಾಯಿ ಸೋತಿತು.

ಎದ್ದು ಓಡಿಹೋಗಬೇಕು ಅನ್ನಿಸಿತು. ಬಸ್ ಹತ್ತಿ ತನ್ನ ಆ ಹೊಗೆ ಹಿಡಿದ ಅಡುಗೆಮನೆಗೆ ಹೋಗಿಬಿಡಬೇಕು ಅನ್ನಿಸಿತು. ಯಾಕೆ? ಇವರೇನು ಕಡಿಮೆ ಮಾಡಿದ್ದಾರೆ? ಏನೂ ಇಲ್ಲ. ಯಾರಾದರೂ ಏನಾದರೂ ಅಂದಿದ್ದಾರೆಯೇ? ಯಾರೂ ಏನೂ ಅಂದಿಲ್ಲ. ಮತ್ತೆ ಯಾಕೆ ಓಡಬೇಕು? ಗೊತ್ತಿಲ್ಲ.

ಆ 'ಗೊತ್ತಿಲ್ಲ' ಮನಸ್ಸಿಗೆ ಬಂದದ್ದೇ ತಡ, ಆದಮ್ಮ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟು ಹಣೆ ಬಡಿದುಕೊಂಡಳು. ಅಯ್ಯೋ ನನ್ನ ಕರ್ಮವೇ, ಆ ಕೂಸನ್ನು ಎರಡು ತಿಂಗಳಿಂದ ನಾನು ಹೀಗೆ ಕುರ್ಚಿಯ ಮೇಲೆ ಕೂಡಿಸಿಬಿಟ್ಟೆನಲ್ಲ!

ಸಂಜೆಯ ಬಸ್ಸಿನಲ್ಲಿ ಲಿಂಗಸುಗೂರು ಮುಟ್ಟುವವರೆಗೂ ಅದೇ ಯೋಚನೆ. ತಪ್ಪು ಗೊತ್ತಾಯಿತು, ಸರಿ. ಆದರೆ ಇನ್ನೇನು ಮಾಡುವುದು? ನಾಳೆಯಿಂದ ತುಪ್ಪ ನಿಲ್ಲಿಸಿದರೆ, ಇದ್ದ ಒಬ್ಬ ಆದವ್ವನೂ ತನ್ನನ್ನು ಬಿಟ್ಟಳು ಎಂದು ಹುಡುಗಿ ತಿಳಿದರೆ? ನಿಲ್ಲಿಸದಿದ್ದರೆ ಹೋಗಿಯೇ ಹೋಗುತ್ತಾಳೆ. ಹಿಂಗಾದರೂ ಕಷ್ಟ, ಹಂಗಾದರೂ ಕಷ್ಟ. ತಾನು ತಿಳಿದದ್ದೇ ಸರಿಯೋ ತಪ್ಪೋ ಎಂದೂ ಗೊತ್ತಿಲ್ಲ. ಮೇಡಂ ಅವರನ್ನು ಕೇಳೋಣವೆಂದರೆ ಅವರ ಹತ್ತಿರ ಇದ್ದದ್ದು ಆ ಬಣ್ಣದ ಹಾಳೆ ಮಾತ್ರ.

ಸೋಮವಾರ ಬೆಳಿಗ್ಗೆ ಉಪ್ಪಿಟ್ಟು. ಆದಮ್ಮ ಬಾಗಿಲಲ್ಲಿ ಮಣೆ ಹಾಕಲಿಲ್ಲ. ದುರ್ಗಾದೇವಿ ಬಂದು ಮಣೆ ಇಲ್ಲದ್ದನ್ನು ನೋಡಿ ನಿಂತುಕೊಂಡಳು. "ಅಲ್ಲಿ ಸಾಲಿನ್ಯಾಗ ಕುಂದ್ರು ಹೋಗು," ಎಂದಳು ಆದಮ್ಮ ಒಲೆಯ ಕಡೆ ತಿರುಗಿಕೊಂಡೇ. ಮುಖ ನೋಡಿದರೆ ಎಲ್ಲಿ ಮನಸ್ಸು ಕರಗುತ್ತದೋ ಎಂಬ ಅಂಜಿಕೆ. ಹುಡುಗಿ ಸಾಲಿನ ತುದಿಯಲ್ಲಿ ಹೋಗಿ ಕೂತಳು, ನಾಲ್ಕು ತುತ್ತು ತಿಂದಳು, ರೂಢಿಯ ಪ್ರಕಾರ ತಟ್ಟೆಯನ್ನು ಕೂತಲ್ಲೇ ಬಿಟ್ಟು ಎದ್ದಳು.

ಎರಡು ದಿನದಿಂದ ಎದೆಯಲ್ಲಿ ಕುದಿಯುತ್ತಿದ್ದದ್ದೆಲ್ಲ ಆದಮ್ಮನ ಗಂಟಲಿಗೆ ಬಂತು. "ಏಯ್! ಯಾರ ತಾಟಿದು? ನಿಮ್ಮವ್ವ ಬಂದು ತೊಳಿತಾಳೇನ ಬೇ? ಕೈಯಾಗ ಏನು ಗೋರಂಟಿ ಹಚ್ಚಿಯೇನು?"

ದುರ್ಗಾದೇವಿಯ ಮುಖ ಬಿಳಚಿಕೊಂಡಿತು. ಆದಮ್ಮನಿಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನ್ನಿಸಿತು. ಹಾಳಾಯಿತು, ಎಲ್ಲ ಹಾಳಾಯಿತು, ಇವತ್ತೇ ಗಂಟು ಕಟ್ಟುತ್ತಾಳೆ ಇವಳು. ಅಷ್ಟರಲ್ಲಿ ಸಾಲಿನ ನಡುವಿನಿಂದ ಫಿರ್ದೋಸ್ ಎದ್ದಳು, ಕೈಯಲ್ಲಿ ಎಂಜಲು ಹಾಗೇ ಇತ್ತು.

"ಇದ್ಯಾವ ನ್ಯಾಯ ಆದವ್ವಾ? ಎರಡು ತಿಂಗಳಿಂದ ನೀನ ತೊಳದಿ. ಆಕಿ ಎದ್ರ ನೀನ ಕಸಗೊಂಡಿ. ಇವತ್ತು ಒಮ್ಮಿಗೇ ಹಿಂಗ ಮೈಮ್ಯಾಲ ಬಿದ್ರ ಆಕಿಗೇನು ಕನಸು ಬಿದ್ದಿತ್ತಾ?"

"ನೀ ಸುಮ್ಮ ಕುಂದ್ರು ಫಿರ್ದೋಸ್. ನಿನ್ನ ಕೇಳಿಲ್ಲ ನಾ."

"ಕೇಳದಿದ್ರೂ ಹೇಳ್ತೀನಿ. ತಪ್ಪು ನಿಂದು."

"ಹೌದು, ಆದವ್ವಂದ ತಪ್ಪು," ಎಂದಿತು ಇನ್ನೊಂದು ದನಿ. "ಪಾಪ, ಹೊಸ ಹುಡುಗಿಗೆ ಹಂಗ ಬೈತಾರೇನು?" ಎಂದಿತು ಮತ್ತೊಂದು. ನೋಡುನೋಡುತ್ತಿದ್ದಂತೆ ನಲವತ್ತೂ ಬಾಯಿ ತೆರೆದವು. ಐದು ತಿಂಗಳಿಂದ ಆ ಹುಡುಗಿಯ ಕಡೆ ತಿರುಗಿಯೂ ನೋಡದವರು ಈಗ ಅವಳ ಕಡೆ ನಿಂತು ಆದಮ್ಮನ ಮೇಲೆ ಮುರಕೊಂಡು ಬಿದ್ದರು. ಆದಮ್ಮ ಸೌಟು ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಳು. ಇದು ಆಕೆ ಎಣಿಸಿದ್ದೇ ಅಲ್ಲ. ಸಿಟ್ಟೂ ಬಂತು, ನಾಚಿಕೆಯೂ ಆಯಿತು. "ಇಬ್ರೂ ಸಂಜಿಗೆ ಬಂದು ಡಬರಿ ತಿಕ್ಕಬೇಕು! ಆಕಿನೂ, ಆಕಿ ವಕೀಲಳೂ!" ಎಂದು ಕೂಗಿ ಒಳಗೆ ಹೋದಳು.

ಸಂಜೆ ಇಬ್ಬರೂ ಬಂದರು. ಹಿತ್ತಲಿನ ಕಟ್ಟೆಯ ಮೇಲೆ ಅನ್ನದ ದೊಡ್ಡ ಡಬರಿಯನ್ನು ಮಗುಚಿ ಹಾಕಿಕೊಂಡು ಬೂದಿ ಹಚ್ಚಿ ತಿಕ್ಕತೊಡಗಿದರು. ಆದಮ್ಮ ಒಳಗೆ ಬೇಳೆ ಆರಿಸುತ್ತಾ ಕಿವಿಯನ್ನು ಅತ್ತಲೇ ಇಟ್ಟಿದ್ದಳು. ಬಹಳ ಹೊತ್ತು ತಿಕ್ಕುವ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಫಿರ್ದೋಸ್ ಏನೋ ಅಂದಳು. ಆಮೇಲೆ ದುರ್ಗಾದೇವಿ ಏನೋ ಅಂದಳು, ಅದರಲ್ಲಿ ಅರ್ಧ ತೆಲುಗು ಇತ್ತು. ಫಿರ್ದೋಸ್ "ಹಂಗಂದ್ರ ಏನಬೇ?" ಎಂದು ಕೇಳಿ, ತಿಳಿದುಕೊಂಡು, ಅದನ್ನೇ ಎರಡು ಸಲ ಹೇಳಿ ಕಲಿತಳು. ಆಮೇಲೆ ನಗು.

ಆದಮ್ಮ ಕಿಟಕಿಯ ಸಂದಿಯಿಂದ ಇಣುಕಿದಳು. ಅಲ್ಲಿ ದುರ್ಗಾದೇವಿ ಎದ್ದು ನಿಂತಿದ್ದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಸೌಟಿನ ಹಾಗೆ ತೆಂಗಿನ ನಾರು ಎತ್ತಿ ಹಿಡಿದು, ಎಡಗಾಲು ಸ್ವಲ್ಪ ಎಳೆಯುತ್ತಾ ನಡೆದು, "ಏಯ್! ಕೈಯಾಗ ಏನು ಗೋರಂಟಿ ಹಚ್ಚಿಯೇನು?" ಎಂದಳು. ಆ ದನಿ, ಆ ಕೊರಳು ಕೊಂಕಿಸುವುದು, ಆ ಎಡಗಾಲು, ಎಲ್ಲ ಥೇಟ್ ಆದಮ್ಮ. ಫಿರ್ದೋಸ್ ಹೊಟ್ಟೆ ಹಿಡಿದುಕೊಂಡು ಡಬರಿಯ ಮೇಲೆ ಬಿದ್ದಳು.

ತುಪ್ಪ ತಿನ್ನಿಸಿದ್ದಕ್ಕೆ ಇದೇನಾ ಬಹುಮಾನ, ಎಂದು ಆದಮ್ಮನಿಗೆ ರೇಗಿತು. ತನ್ನ ಎಡಗಾಲು ಎಳೆಯುತ್ತದೆ ಎಂಬುದೇ ಆಕೆಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೊರಗೆ ಹೋಗಿ ಇಬ್ಬರ ಕಿವಿಯೂ ಹಿಂಡಬೇಕೆಂದು ಬಾಗಿಲವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಖುಷಿ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಕೂತು ಆರಿಸಿದ ಬೇಳೆಯನ್ನೇ ಮತ್ತೊಮ್ಮೆ ಆರಿಸಿದಳು.

ಅಂದಿನಿಂದ ದುರ್ಗಾದೇವಿ ಆದಮ್ಮನ ಜೊತೆ ಮಾತು ಬಿಟ್ಟಳು. ಮೊದಲಾದರೂ ಒಂದೆರಡು ಮಾತಾಡುತ್ತಿದ್ದದ್ದು ಆದಮ್ಮನ ಜೊತೆಗೇ. ಈಗ ತಟ್ಟೆ ತಂದು ಹಿಡಿಯುವಳು, ಹಾಕಿಸಿಕೊಳ್ಳುವಳು, ಮುಖ ಎತ್ತದೆ ಹೋಗಿ ಫಿರ್ದೋಸಳ ಪಕ್ಕ ಕೂರುವಳು. ಕಸದ ಪಾಳಿಯಲ್ಲಿ ತಾನೇ ಹೆಸರು ಬರೆಸಿದಳಂತೆ. ಆದಮ್ಮನ ಮನೆಯ ತುಪ್ಪದ ಡಬ್ಬಿ ಮಾಡದಲ್ಲಿ ಹಾಗೇ ಇತ್ತು. ಎರಡು ತಿಂಗಳು ತನ್ನ ಬಾಗಿಲಲ್ಲೇ ಕೂತು ಉಂಡ ಕೂಸು ಹೀಗೆ ಬೆನ್ನು ತಿರುಗಿಸಿದರೆ ಯಾರಿಗೆ ನೋವಾಗುವುದಿಲ್ಲ? ಆದಮ್ಮನಿಗೂ ಆಯಿತು, ಬಹಳವೇ ಆಯಿತು. ಇಷ್ಟೆಲ್ಲ ಆಗಿಯೂ ಭಾನುವಾರ ಅವಳು ಇರುತ್ತಾಳೋ ಹೋಗುತ್ತಾಳೋ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬರುವುದು ಬೇಡ ಎಂದು ಅಪ್ಪನಿಗೆ ಫೋನು ಮಾಡಿದಳೇ ಎಂದು ಆದಮ್ಮ ಮೇಡಂ ಅವರನ್ನು ಕೇಳಿದಳು. "ಈ ಶನಿವಾರ ಫೋನಿಗೆ ಬರಲೇ ಇಲ್ಲರಿ," ಎಂದರು ಮೇಡಂ. ಬರಲಿಲ್ಲ ಎಂದರೆ ಹೋಗಲು ನಿರ್ಧರಿಸಿದ್ದಾಳೆ ಎಂದೋ, ಮರೆತಿದ್ದಾಳೆ ಎಂದೋ?

ಭಾನುವಾರ ಹನ್ನೆರಡರ ಹೊತ್ತಿಗೆ ಕನಕರಾಯ ಬೈಕಿನ ಮೇಲೆ ಬಂದ. ಟ್ರಂಕು ಕಟ್ಟಿಕೊಳ್ಳಲು ಹಗ್ಗವನ್ನೂ ತಂದಿದ್ದ. ಮೇಡಂ ಆತನ ಮಗಳನ್ನು ಕರೆಸಿ, "ಹೇಳಮ್ಮ, ಏನು ಮಾಡ್ತಿ?" ಎಂದರು. ದುರ್ಗಾದೇವಿ ಅಪ್ಪನನ್ನು ನೋಡಿದಳು, ನೆಲ ನೋಡಿದಳು, ತಲೆ ಅಲ್ಲಾಡಿಸಿದಳು. ಅದು ಹೌದೋ ಅಲ್ಲವೋ ಈ ಸಲವೂ ಯಾರಿಗೂ ತಿಳಿಯಲಿಲ್ಲ. ಚಹಾ ಹಿಡಿದು ಬಂದ ಆದಮ್ಮ ಬಾಗಿಲಲ್ಲೇ ನಿಂತಳು. ಕನಕರಾಯ ಹಗ್ಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ, "ಆಕಿ ಇಲ್ಲಿ ಖುಷಿ ಇಲ್ಲ ಅಂದ್ಮ್ಯಾಲ ಏನು ಮಾಡೋದ್ರಿ ಮೇಡಂ" ಎಂದ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಹುಡುಗಿ ಯಾರನ್ನೂ ಕೇಳದೆ ಓಡಿದಳು.

"ನೀವೂ ಉಂಡ ಹೋಗ್ರಿ ಅಣ್ಣಾರ," ಎಂದು ಆದಮ್ಮ ಕನಕರಾಯನನ್ನು ಹಾಲ್‌ಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂಡಿಸಿದಳು. ಬಿಸಿ ಅನ್ನ, ಸಾರು, ಪುಂಡಿಪಲ್ಯ ಬಡಿಸಿ, ಮೇಲೆ ತುಪ್ಪ ಹಾಕಿದಳು. ಸಾಲಿನಲ್ಲಿ ಹುಡುಗಿಯರಿಗೆಲ್ಲ ರೇಣುಕಮ್ಮ ಬಡಿಸುತ್ತಿದ್ದಳು. ಕನಕರಾಯ ಎರಡು ತುತ್ತು ಉಂಡು, ಮರ್ಯಾದೆಗೆ, "ಅಡಿಗಿ ಭಾಳ ಛಲೋ ಆಗೈತಿ ಯಕ್ಕಾ" ಎಂದ.

"ಏನು ಛಲೋ!" ಎಂದಿತು ಸಾಲಿನಿಂದ ಒಂದು ದನಿ. "ಸಾರಿಗೆ ಉಪ್ಪೇ ಇಲ್ಲ! ಆದವ್ವಾ, ಉಪ್ಪು ತಗೊಂಡು ಬಾ!"

ಎಲ್ಲರೂ ತಿರುಗಿ ನೋಡಿದರು. ದುರ್ಗಾದೇವಿ ಸೌಟು ಹಿಡಿದವಳಂತೆ ಕೈ ಎತ್ತಿ ಕೂತಿದ್ದಳು. ಆ ದನಿ ಗೇಟಿನಾಚೆಗೂ ಕೇಳಿರಬೇಕು. ಕನಕರಾಯನ ಕೈ ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು. ಮಗಳು ಹೀಗೆ ಕೂಗಿದ್ದನ್ನು ಆತ ಕೇಳಿ ಎಷ್ಟು ಕಾಲವಾಗಿತ್ತೋ. ನಾಚಿಕೆಯಿಂದ ಮುಖ ಕೆಂಪಾಗಿ, "ಏಯ್, ಹಂಗನಬಾರ್ದಮ್ಮ, ಬಡಿಸಿದವರಿಗೆ ಹಂಗಂತಾರೇನು?" ಎಂದು ಗದರಿದ.

ಆದಮ್ಮನೂ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಿಮ್ಮಪ್ಪ ಅದ ಸಾರು ಉಂಡು ಛಲೋ ಐತಿ ಅಂದಾನ. ನಿನ್ನ ನಾಲಿಗಿಗೇನಾಗೈತಿ ಬೇ?"

ದುರ್ಗಾದೇವಿ ತಟ್ಟನೆ ಅಂದಳು: "ಅಪ್ಪ ಉಂಡು ಹೋಗ್ತಾನ. ದಿನಾ ಉಣ್ಣಾಕಿ ನಾನು."

ಅಂದಾದ ಮೇಲೆ ತಾನೇನು ಅಂದೆ ಎಂದು ಅವಳಿಗೇ ಗೊತ್ತಾದಂತೆ ಕಂಡಿತು. ಅಪ್ಪನ ಮುಖ ನೋಡಿದಳು. ಕನಕರಾಯ ಹಗ್ಗವನ್ನು ಕುರ್ಚಿಯ ಕೆಳಗೆ ಇಟ್ಟು, ಅನ್ನ ಕಲಸುತ್ತಾ ಆದಮ್ಮನ ಕಡೆ ನೋಡಿ ಮೆಲ್ಲಗೆ, "ಖರೇನ ಉಪ್ಪಿಲ್ಲ ಯಕ್ಕಾ" ಎಂದ.

ಹಾಲ್ ತುಂಬ ನಗು ಎದ್ದಿತು. ಆದಮ್ಮ, "ಬಂದೆ, ಬಂದೆ, ನಿಮ್ಮ ಬಾಯಿಗಿಷ್ಟು!" ಎಂದು ಬೈಯುತ್ತಾ ಅಡುಗೆಮನೆಗೆ ಹೋದಳು. ಉಪ್ಪಿನ ಭರಣಿ ಎದುರಿಗೇ ಇತ್ತು. ಕಣ್ಣು ಮಂಜಾಗಿ ಅದನ್ನು ಹುಡುಕಲು ಆಕೆಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರೊಳಗೆ ಹೊರಗಿನಿಂದ ಅದೇ ದನಿ ಇನ್ನೆರಡು ಸಲ ಕೂಗಿತ್ತು.